ಇಂದಿರಮ್ಮನ ಫೋಟೊ, ಅರಸರ ಕಾಲದ ಹಕ್ಕುಪತ್ರ

ಮುಕ್ಕುಂದದಲ್ಲಿದ್ದ ನಮ್ಮ ದಾದಿಯ ಮನೆಯ ಗೋಡೆಯ ಮೇಲೆ ಎರಡೇ ಚಿತ್ರಗಳಿದ್ದವು. ಒಂದು, ಕಅಬಾದ ಚಿತ್ರವಿದ್ದ ಕ್ಯಾಲೆಂಡರ್. ಇನ್ನೊಂದು, ಇಂದಿರಾ ಗಾಂಧಿಯವರ ಫೋಟೊ. ಮದ್ರಸಾದಿಂದ ರಜೆಗೆ ಬಂದಿದ್ದ ನಾನು, ಹೊಸದಾಗಿ ನಾಲ್ಕಕ್ಷರ ಕಲಿತವರಿಗೆ ಸಹಜವಾದ ಆವೇಶದಿಂದ, ಮನೆಯೊಳಗೆ ಮನುಷ್ಯರ ಚಿತ್ರ ತೂಗುಹಾಕುವುದು ಸಲ್ಲದೆಂದು ಅವರಿಗೆ ಉಪದೇಶ ಮಾಡಿದೆ. ದಾದಿ ವಾದ ಮಾಡಲಿಲ್ಲ. ಫೋಟೊವನ್ನು ಕೆಳಗಿಳಿಸಿ, ಸೆರಗಿನಿಂದ ಧೂಳೊರೆಸಿ, ಸಂದೂಕಿನಲ್ಲಿಟ್ಟರು. “ನೀ ಹೇಳೋದು ಖರೇ ಇರಬಹುದು ಬೇಟಾ. ಆದ್ರ ನಮಗ ಈ ಜಾಗ ಕೊಟ್ಟಾಕಿ ಆಕಿ” ಎಂದಷ್ಟೇ ಹೇಳಿದರು.

ಅವರು ತೀರಿಕೊಂಡ ಮೇಲೆ (ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ) ಸಂದೂಕು ತೆರೆದಾಗ ಆ ಫೋಟೊ ಮನೆಜಾಗದ ಹಕ್ಕುಪತ್ರದೊಂದಿಗೆ ಒಂದೇ ಬಟ್ಟೆಯಲ್ಲಿ ಸುತ್ತಿಕೊಂಡಿತ್ತು. ಹಕ್ಕುಪತ್ರದ ಮೇಲೆ ತಹಶೀಲ್ದಾರರ ಮೊಹರು ಇತ್ತು. ಅದನ್ನು ಕೊಟ್ಟ ಕಾಲದಲ್ಲಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯಾಗಿದ್ದವರು ದೇವರಾಜ ಅರಸು. ಇಂದಿರಾ ಅವರ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಓದುಬರಹ ಬಾರದ, ದಿಲ್ಲಿಯನ್ನೂ ಇಂದಿರಾ ಅವರನ್ನೂ ಒಮ್ಮೆಯೂ ಕಾಣದ ಒಬ್ಬ ಹೆಣ್ಣುಮಗಳು ಅವರನ್ನು ತನ್ನ ಮನೆಯವರಂತೆ ಏಕೆ ಜೋಪಾನ ಮಾಡಿದರು? ಮತ್ತು ಅರಸರ ಹೆಸರು ಅವರ ಬಾಯಲ್ಲಿ ಏಕೆ ಬರಲಿಲ್ಲ? ಈ ಎರಡು ಪ್ರಶ್ನೆಗಳು ನನ್ನನ್ನು ಬಹಳ ವರ್ಷ ಕಾಡಿವೆ. ಇದಕ್ಕೆ ಭಕ್ತಿ ಎಂಬ ಪದ ಬಳಸಲು ನನಗೆ ಸಂಕೋಚವಿದೆ. ಆದರೆ ಅಭಿಮಾನ ಎಂಬ ಪದ ಸಾಲುವುದಿಲ್ಲ.

ದಾದಿಯ ಪೀಳಿಗೆ ನಂಬಿದ ಮೊದಲ ನಾಯಕರು ಇಂದಿರಾ ಆಗಿರಲಿಲ್ಲ. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದಾಗ ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ತುಂಗಭದ್ರೆಯ ಆಚೆ ದಡದಲ್ಲಿ ಬಳ್ಳಾರಿ ಜಿಲ್ಲೆ, ಸ್ವತಂತ್ರ ಭಾರತ. ಈಚೆ ದಡದಲ್ಲಿ ಸಿಂಧನೂರು, ನಿಜಾಮರ ಆಡಳಿತ. ಮುಂದೆ ಏನಾಗುವುದೋ ಎಂಬ ಭೀತಿ ಸಂಸ್ಥಾನದ ಮುಸ್ಲಿಮರನ್ನು ಆವರಿಸಿತ್ತು. ಅವರನ್ನು ತಮ್ಮ ಮಾತಿನಿಂದ ಹಿಡಿದಿಟ್ಟಿದ್ದ ವಾಗ್ಮಿ ಬಹಾದುರ್ ಯಾರ್ ಜಂಗ್ 1944ರಲ್ಲಿಯೇ ತೀರಿಕೊಂಡಿದ್ದರು. ಆ ತೆರವಾದ ಜಾಗಕ್ಕೆ ಲಾತೂರಿನ ವಕೀಲ ಖಾಸಿಂ ರಝ್ವಿ ಬಂದರು. ಹೆದರಿದ ಜನರಿಗೆ ಅವರು ಹೆದರಬೇಡಿ ಎಂದರು. ಕೆಂಪುಕೋಟೆಯ ಮೇಲೆ ಆಸಫಿಯಾ ಧ್ವಜ ಹಾರಿಸುವ ಮಾತಾಡಿದರು. ಸೇನೆ, ಶಸ್ತ್ರ, ಹಣ, ಜನಸಂಖ್ಯೆ ಯಾವುದರ ಲೆಕ್ಕ ನೋಡಿದರೂ ನಡೆಯದ ಮಾತು ಅದು. ಆದರೂ ಸಾವಿರಾರು ಯುವಕರು ರಝಾಕಾರರಾಗಿ ಅವರ ಹಿಂದೆ ಹೋದರು; ಹಳ್ಳಿಗಳಲ್ಲಿ ಹಿಂದೂ ನೆರೆಯವರ ಮೇಲೆ ದೌರ್ಜನ್ಯಗಳು ನಡೆದವು. ಅದನ್ನು ನಾವು ಮರೆಮಾಚಬಾರದು.

ಲೆಕ್ಕ ಹೇಳಿದವರು ಇರಲಿಲ್ಲವೆಂದಲ್ಲ. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತದೊಂದಿಗೆ ವಿಲೀನವಾಗುವುದೇ ಸರಿಯೆಂದು ಬರೆದರು. 1948ರ ಆಗಸ್ಟ್‌ನಲ್ಲಿ ಅವರನ್ನು ಹೈದರಾಬಾದಿನಲ್ಲಿ ಕೊಲೆ ಮಾಡಲಾಯಿತು. ಅದಾಗಿ ಒಂದು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿತು. 17ರಂದು ಎಲ್ಲವೂ ಮುಗಿದಿತ್ತು. ಕೆಂಪುಕೋಟೆಯ ಮಾತು ಐದು ದಿನ ಬಾಳಲಿಲ್ಲ. ನಂತರದ ವಾರಗಳಲ್ಲಿ ಅನುಭವಿಸಿದವರು ರಝ್ವಿಯವರನ್ನು ಕಣ್ಣಿನಿಂದಲೂ ನೋಡಿರದ ಸಾಮಾನ್ಯ ಮುಸ್ಲಿಮರು. ಪಂಡಿತ್ ಸುಂದರಲಾಲ್ ಮತ್ತು ಖಾಝಿ ಅಬ್ದುಲ್ ಗಫ್ಫಾರ್ ಅವರಿದ್ದ ಸಮಿತಿ ಸಂಸ್ಥಾನದಾದ್ಯಂತ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು; ಆ ವರದಿ ದಶಕಗಳ ಕಾಲ ಬಹಿರಂಗವಾಗಲಿಲ್ಲ. ರಝ್ವಿಯವರು 1957ರಲ್ಲಿ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದರು. ಅವರನ್ನು ನಂಬಿದ ಕುಟುಂಬಗಳು ಇಲ್ಲಿಯೇ ಉಳಿದವು.

ಈ ಪ್ರಸಂಗವನ್ನು ಹೇಳುವಾಗ ಆ ಕಾಲದ ನಮ್ಮ ಹಿರಿಯರು ಮೂಢರೆಂದು ನಗುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮುಳುಗುವವನು ಎದುರಿಗೆ ಬಂದ ಕೈ ಯಾರದೆಂದು ಕೇಳುವುದಿಲ್ಲ. ಶೋಯೆಬುಲ್ಲಾ ಖಾನ್ ಸತ್ಯ ಹೇಳಿದರು, ಆದರೆ ಆ ಸತ್ಯದ ಆಚೆಗೆ ನಮಗೆ ಎಂಥ ಬದುಕು ಸಿಗುತ್ತದೆ ಎಂದು ಭರವಸೆ ಕೊಡುವ ಅಧಿಕಾರ ಅವರ ಕೈಯಲ್ಲಿ ಇರಲಿಲ್ಲ. ರಝ್ವಿ ಸುಳ್ಳು ಹೇಳಿದರು. ಆದರೆ ಭಯಗೊಂಡವನನ್ನು ಎದ್ದು ನಿಲ್ಲು ಎಂದರು. ಹತಾಶನಾದವನ ಕಿವಿಗೆ ಎರಡನೆಯದೇ ಬೇಗ ಮುಟ್ಟುತ್ತದೆ.

ಅದಾದ ಮೇಲೆ ಇಪ್ಪತ್ತು ವರ್ಷ ನಮ್ಮ ಜನ ಯಾರನ್ನೂ ಆ ರೀತಿ ನಂಬಲಿಲ್ಲ. ಓಟು ಹಾಕಿದರು; ಊರ ಗೌಡ ಹೇಳಿದ ಕಡೆಗೆ ಹಾಕಿದರು. ಜಾಗೀರುಗಳು ರದ್ದಾದವು, ಕಚೇರಿಯಿಂದ ಉರ್ದು ಹೋಯಿತು, ಉರ್ದು ಬಲ್ಲವನ ನೌಕರಿಯೂ ಹೋಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರಿನ ಕರಿನೆಲದಲ್ಲಿ ಭತ್ತ ಬೆಳೆಯಿತು. ಆಂಧ್ರದಿಂದ ಬಂದ ರೈತರು ಜಮೀನು ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡು ಶ್ರಮಿಸಿ ಮುಂದೆ ಬಂದರು. ಜಮೀನಿಲ್ಲದವನಿಗೆ ನೀರು ಬಂದರೇನು, ಬಿಟ್ಟರೇನು? ಅವನು ನಾಟಿ ಮಾಡುವ ಕೂಲಿಯಾದ. ಇದು ಮುಸ್ಲಿಮರ ಕಥೆ ಮಾತ್ರವಾಗಿರಲಿಲ್ಲ. ಮಾದಿಗರ, ಕುರುಬರ, ಬೇಡರ, ಕಬ್ಬಲಿಗರ ಕಥೆಯೂ ಇದೇ ಆಗಿತ್ತು. ಬೆಂಗಳೂರಿನಲ್ಲಿ ಅಧಿಕಾರ ಎರಡು ದೊಡ್ಡ ಸಮುದಾಯಗಳ ಮುಖಂಡರ ನಡುವೆ ಕೈಬದಲಾಗುತ್ತಿತ್ತು.

ಇಂತಹ ನಿರಾಸೆಯ ಮೇಲೆ 1971ರ ಲೋಕಸಭಾ ಚುನಾವಣೆ ಬಂತು. ಇದರ ಹಿನ್ನೆಲೆ ಕುತೂಹಲಕಾರಿಯಾಗಿದೆ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿದ ಅಧ್ಯಕ್ಷರು ನಮ್ಮ ರಾಜ್ಯದವರೇ ಆದ ಎಸ್. ನಿಜಲಿಂಗಪ್ಪ. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಮ್ಮ ಭಾಗದ ಚಿಂಚೋಳಿಯವರು. ಅವರೂ ನಿಜಲಿಂಗಪ್ಪನವರ ಕಡೆ. ಮಂತ್ರಿಗಳು, ಸಹಕಾರ ಸಂಘಗಳು, ಊರ ಗೌಡರು ಎಲ್ಲರೂ ಒಂದು ಕಡೆ. ಆದರೆ ಫಲಿತಾಂಶ ಬಂದಾಗ ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಅವರ ಪಕ್ಷ ಗೆದ್ದಿತ್ತು.

ಹೇಗಾಯಿತಿದು? ಅಲ್ಲಿಯವರೆಗೆ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯುತ್ತಿತ್ತು. ಊರಿನ ಲೆಕ್ಕಾಚಾರವೇ ದಿಲ್ಲಿಯ ಓಟನ್ನೂ ನಿರ್ಧರಿಸುತ್ತಿತ್ತು. ಇಂದಿರಾ ಲೋಕಸಭೆಗೆ ಮಾತ್ರ, ಅವಧಿಗೆ ಮುಂಚೆ, ಚುನಾವಣೆ ತಂದರು. ಗೌಡನ ತಲೆಯ ಮೇಲಿಂದ ನೇರವಾಗಿ ಕೂಲಿಯವನೊಂದಿಗೆ ಮಾತಾಡಿದರು. ಬಡತನ ಹೋಗಲಾಡಿಸುತ್ತೇನೆ ಎಂದರು. ಬಡತನ ಹೋಗುತ್ತದೆಯೋ ಇಲ್ಲವೋ, ನೀನು ಬಡವನಾಗಿದ್ದೀಯೆ, ಅದು ನನಗೆ ಗೊತ್ತಿದೆ ಎಂದು ಪ್ರಧಾನಿಯೊಬ್ಬರು ಹೇಳಿದಂತಾಯಿತು. ನಿರಾಶರಾದ ಮತದಾರರು ನಾಯಕನಿಂದ ಮೊದಲು ಬಯಸುವುದು ಇದನ್ನು. ತಾವು ಯಾರ ಲೆಕ್ಕದಲ್ಲಿಯೂ ಇಲ್ಲ ಎಂದುಕೊಂಡವರನ್ನು ಒಬ್ಬರು ಎಣಿಸಿದರೆ ಸಾಕು, ಅವರು ಉಳಿದ ಲೆಕ್ಕವನ್ನು ಕೇಳುವುದಿಲ್ಲ.

1972ರ ಮಾರ್ಚ್ 20ರಂದು ದೇವರಾಜ ಅರಸು ಮುಖ್ಯಮಂತ್ರಿಯಾದರು. ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು, ಎಣಿಕೆಯಲ್ಲಿ ಬಹಳ ಸಣ್ಣ ಸಮುದಾಯದವರು. ಇಂದಿರಾ ಕೊಟ್ಟ ಮಾತನ್ನು ಕಾಗದಕ್ಕೆ ಇಳಿಸಿದವರು ಇವರು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಮಾಡಿತು. ತಾಲೂಕಿಗೊಂದು ನ್ಯಾಯಮಂಡಳಿ, ಅದರಲ್ಲಿ ಅಸಿಸ್ಟೆಂಟ್ ಕಮಿಷನರ್ ಅವರೊಂದಿಗೆ ಸರಕಾರಿ ನೌಕರರಲ್ಲದ ಸದಸ್ಯರು, ಅದರ ಮುಂದೆ ವಕೀಲರಿಗೆ ಪ್ರವೇಶವಿಲ್ಲ. ಈ ಕೊನೆಯ ಅಂಶ ಎಷ್ಟು ದೊಡ್ಡದೆಂದು ಕೋರ್ಟು ಹತ್ತಿದವರಿಗೆ ಗೊತ್ತು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ತುಂಬಿ, ತಾನೇ ನಿಂತು, ಈ ಹೊಲ ಉಳುತ್ತಿರುವವನು ನಾನು ಎಂದು ಹೇಳಬೇಕು. ಎದುರಿಗೆ ಧಣಿ ನಿಂತಿರುತ್ತಾನೆ. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಇವುಗಳ ಜೊತೆಗೆ ಜೀತ ವಿಮುಕ್ತಿ, 1976ರ ಸಾಲ ಪರಿಹಾರ ಕಾಯಿದೆ, ಜನತಾ ಮನೆಗಳು, ನಿವೇಶನಗಳು, ವೃದ್ಧಾಪ್ಯ ವೇತನ. ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಅದರ ನಂತರ 1977ರ ಫೆಬ್ರವರಿ 22ರ ಸರಕಾರಿ ಆದೇಶ ಮುಸ್ಲಿಮರನ್ನೂ ಹಿಂದುಳಿದವರ ಪಟ್ಟಿಯೊಳಗೆ ತಂದಿತು. ಇಂದು ನಮ್ಮ ಸಮುದಾಯದಲ್ಲಿ ಶಿಕ್ಷಕರು, ಎಂಜಿನಿಯರರು, ನರ್ಸುಗಳು ಇದ್ದಾರೆಂದರೆ ಆ ಆದೇಶದ ಋಣ ಅದರಲ್ಲಿದೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಭೂಸುಧಾರಣೆಯ ಹೆಚ್ಚಿನ ಫಲ ಸಿಕ್ಕಿದ್ದು ಕರಾವಳಿಗೆ ಮತ್ತು ಮಲೆನಾಡಿಗೆ. ಗೇಣಿದಾರರು ಹೆಚ್ಚಿದ್ದುದು ಅಲ್ಲಿ. ನಮ್ಮ ಕಡೆ ಬಾಯಿಮಾತಿನ ಪಾಲು, ಲಾವಣಿ. ಪಹಣಿಯಲ್ಲಿ ಹೆಸರಿಲ್ಲ, ಸಾಕ್ಷಿ ಹೇಳುವವರಿಲ್ಲ. ನನ್ನ ದಾದಾ ಅವರಿಗೂ ಹೊಲ ಸಿಗಲಿಲ್ಲ. ಅವರು ಅರ್ಜಿಯನ್ನೇ ಹಾಕಲಿಲ್ಲ, ಧಣಿಯ ಮುಖ ನೋಡಿ ಹಾಕಲಾಗಲಿಲ್ಲ ಎಂದು ದಾದಿ ಹೇಳುತ್ತಿದ್ದರು. ಅವರಿಗೆ ಸಿಕ್ಕಿದ್ದು ಮೂವತ್ತು ನಲವತ್ತು ಅಡಿಯ ಒಂದು ಮನೆಜಾಗ. ಆದರೆ ನಿಷ್ಠೆಯಲ್ಲಿ ಅವರು ಹೊಲ ಪಡೆದವರಿಗಿಂತ ಕಡಿಮೆ ಇರಲಿಲ್ಲ. ಇದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಭರವಸೆ ಪೂರ್ತಿ ಈಡೇರಬೇಕಾಗಿಲ್ಲ, ಅದರ ಒಂದು ತುಣುಕು ಮನೆಬಾಗಿಲಿಗೆ ಬಂದರೆ ಉಳಿದದ್ದೂ ದಾರಿಯಲ್ಲಿದೆ ಎಂದು ಜನ ನಂಬುತ್ತಾರೆ. ಪಕ್ಕದ ಊರಿನವನಿಗೆ ಹೊಲ ಸಿಕ್ಕಿದ ಸುದ್ದಿ ಕೂಡ ಅಂಥ ಒಂದು ತುಣುಕೇ.

1977ರ ಚುನಾವಣೆ ಈ ಮಾತಿಗೆ ಸಾಕ್ಷಿ. ತುರ್ತುಪರಿಸ್ಥಿತಿಯ ಆ 21 ತಿಂಗಳುಗಳಲ್ಲಿ ದಿಲ್ಲಿಯ ತುರ್ಕ್‌ಮಾನ್ ಗೇಟಿನಲ್ಲಿ ಮುಸ್ಲಿಮರ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು, ಗೋಲಿಬಾರ್ ನಡೆಯಿತು. ಉತ್ತರ ಭಾರತದಲ್ಲಿ ಬಡವರನ್ನು ಹಿಡಿದೊಯ್ದು ಬಲವಂತದ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅಲ್ಲಿನ ಮುಸ್ಲಿಮರು ಇಂದಿರಾ ಅವರನ್ನು ಕೈಬಿಟ್ಟರು. ಅವರು ರಾಯ್‌ಬರೇಲಿಯಲ್ಲಿಯೇ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅವರಿಗೆ ಕೊಟ್ಟಿತು. ನಾಯಕಿ ಒಬ್ಬರೇ, ಅಲ್ಲಿನ ಮುಸ್ಲಿಮನ ಧರ್ಮವೂ ಇಲ್ಲಿನ ಮುಸ್ಲಿಮನ ಧರ್ಮವೂ ಒಂದೇ. ಅಲ್ಲಿ ಬಾಗಿಲಿಗೆ ಬಂದದ್ದು ಬುಲ್ಡೋಜರ್, ಇಲ್ಲಿ ಬಂದದ್ದು ಹಕ್ಕುಪತ್ರ. ಆದುದರಿಂದ ಬಡವರು ಕುರುಡಾಗಿ ಹಿಂಬಾಲಿಸುತ್ತಾರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರು ತಮ್ಮ ಬಾಗಿಲನ್ನು ನೋಡಿ ತೀರ್ಮಾನಿಸುತ್ತಾರೆ. ಕೊರತೆಯೂ ಅಲ್ಲಿಯೇ ಇದೆ: ದಿಲ್ಲಿಯ ನಮ್ಮವರ ಬಾಗಿಲಲ್ಲಿ ಏನು ನಡೆಯಿತೆಂದು ಮುಕ್ಕುಂದದಲ್ಲಿ ಕೇಳಿದವರು ಕಡಿಮೆ, ಕೇಳಿದವರು ನಂಬಲಿಲ್ಲ. ದಾದಿಯಂತೂ ಕೊನೆಯವರೆಗೂ ಅದನ್ನು ಮಗನ ಮೇಲೆಯೇ ಹಾಕಿದರು. ಆಕೆಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಬಿಡುತ್ತಿರಲಿಲ್ಲ ಎಂದು. ಪ್ರೀತಿಸಿದ ನಾಯಕರ ತಪ್ಪನ್ನು ಸುತ್ತಲಿನವರ ಮೇಲೆ ಹಾಕುವ ರೂಢಿ ಇಂದಿಗೂ ಇದೆ.

1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನದಲ್ಲಿ ಸೋತ ನಾಯಕಿಗೆ ಕನ್ನಡಿಗರು ಮರುಜನ್ಮ ಕೊಟ್ಟರು. ವೀರೇಂದ್ರ ಪಾಟೀಲರ ವಿರುದ್ಧ 70 ಸಾವಿರಕ್ಕೂ ಹೆಚ್ಚು ಮತಗಳ ಗೆಲುವು. ಅದರ ಹಿಂದೆ ನಿಂತು ದುಡಿದವರು ಅರಸು. ಆದರೆ 1979ರ ಜೂನ್ ಹೊತ್ತಿಗೆ ಅದೇ ಅರಸರನ್ನು ಪಕ್ಷದಿಂದ ಹೊರಹಾಕಲಾಯಿತು. ಶಾಸಕರಲ್ಲಿ ಬಹುಪಾಲು ಅವರ ಜೊತೆಗಿದ್ದರು, ಸರಕಾರ ಉಳಿಯಿತು. ಜನರೂ ತಮ್ಮ ಜೊತೆಗಿದ್ದಾರೆ ಎಂದು ಅವರು ಭಾವಿಸಿರಬೇಕು. 1980ರ ಜನವರಿಯಲ್ಲಿ ಫಲಿತಾಂಶ ಬಂತು: 28ರಲ್ಲಿ 27 ಇಂದಿರಾ ಅವರಿಗೆ, ಒಂದು ಜನತಾ ಪಕ್ಷಕ್ಕೆ. ಅರಸರಿಗೆ ಒಂದೂ ಇಲ್ಲ. ಶಾಸಕರು ಸಾಲುಸಾಲಾಗಿ ಬಿಟ್ಟುಹೋದರು. ಕೆಲವೇ ದಿನಗಳಲ್ಲಿ ಗುಂಡೂರಾವ್ ಮುಖ್ಯಮಂತ್ರಿಯಾದರು. 1982ರ ಜೂನ್ 6ರಂದು ಅರಸು ತೀರಿಕೊಂಡರು.

ಹೊಲ ಕೊಟ್ಟವನನ್ನು, ಮೀಸಲಾತಿ ಕೊಟ್ಟವನನ್ನು ಜನ ಹೀಗೆ ಬಿಟ್ಟರೇ ಎಂದು ಕೃತಘ್ನತೆಯ ಮಾತಾಡುವವರಿದ್ದಾರೆ. ಅರಸರ ಪಾಲಿನ ತಪ್ಪನ್ನೂ ನೋಡಬೇಕು. ಎಂಟು ವರ್ಷಗಳ ಕಾಲ ಅವರ ಸರಕಾರ ಕೊಟ್ಟದ್ದನ್ನೆಲ್ಲ ಇಂದಿರಾ ಅವರ ಹೆಸರಿನಲ್ಲಿ ಕೊಟ್ಟಿತು. ಇಪ್ಪತ್ತು ಅಂಶಗಳ ಕಾರ್ಯಕ್ರಮದ ಫಲಕಗಳಲ್ಲಿ ಇದ್ದದ್ದು ಆಕೆಯ ಮುಖ. ಹಕ್ಕುಪತ್ರ ಹಂಚುವ ಸಭೆಯಲ್ಲಿ ಮಾಡಿದ ಜೈಕಾರ ಆಕೆಗೆ. ಹಂಚಿದ್ದು ಹಕ್ಕು, ಆದರೆ ಅದು ಜನರ ಕೈಗೆ ಸೇರುವಾಗ ಒಬ್ಬ ತಾಯಿಯ ಕೊಡುಗೆಯಾಗಿ ಸೇರಿತು. ಕಾಯಿದೆ ಎಂದರೇನು, ನ್ಯಾಯಮಂಡಳಿ ಎಂದರೇನು, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಯಾರೂ ದಾದಿಯಂಥವರಿಗೆ ಕಲಿಸಲಿಲ್ಲ. ಕೊನೆಗೆ ಆ ತಾಯಿ ಅರಸರ ಎದುರಿಗೆ ನಿಂತಾಗ ಜನ ಕೊಟ್ಟವಳ ಕಡೆಗೆ ಹೋದರು. ಅವರಿಗೆ ಹೇಳಿಕೊಟ್ಟಿದ್ದೇ ಅದು. ಇನ್ನು ಆ ತಾಯಿಯಾದರೋ 1980ರಲ್ಲಿ ನಿಂತದ್ದು ರಾಯ್‌ಬರೇಲಿಯಲ್ಲಿ ಮತ್ತು ಆಂಧ್ರದ ಮೇದಕ್‌ನಲ್ಲಿ. ಚಿಕ್ಕಮಗಳೂರಿನಿಂದ ಅವರು ಮತ್ತೆ ಸ್ಪರ್ಧಿಸಲಿಲ್ಲ.

ಇದೇ ಅಪಾಯವನ್ನು ನಮ್ಮ ಇತಿಹಾಸದಲ್ಲಿ ಒಬ್ಬ ಆಡಳಿತಗಾರರು ಮೊದಲೇ ಕಂಡಿದ್ದರು. ಹಝ್ರತ್ ಖಾಲಿದ್ ಬಿನ್ ವಲೀದ್(ರ) ಸೋಲನ್ನೇ ಅರಿಯದ ಸೇನಾಪತಿ. ಹಿಜರಿ 17ರಲ್ಲಿ ಖಲೀಫ ಹಝ್ರತ್ ಉಮರ್(ರ) ಅವರನ್ನು ಪದವಿಯಿಂದ ಇಳಿಸಿದರು. ಇತಿಹಾಸಕಾರರು ಬೇರೆ ಕಾರಣಗಳನ್ನೂ ಹೇಳುತ್ತಾರೆ. ಆದರೆ ಉಮರ್(ರ) ಪ್ರಾಂತ್ಯಗಳಿಗೆ ಕಳುಹಿಸಿದ ಪತ್ರದಲ್ಲಿ, ತನಗೆ ಖಾಲಿದ್‌ರ ಮೇಲೆ ಸಿಟ್ಟಿಲ್ಲ, ಅವರಲ್ಲಿ ದ್ರೋಹವೂ ಇಲ್ಲ, ಜನ ಅವರಿಗೆ ಮರುಳಾಗಿ ಗೆಲುವು ಅವರಿಂದಲೇ ಎಂದು ನೆಚ್ಚಿಕೊಳ್ಳುವುದನ್ನು ಕಂಡು ಹೆದರಿದೆ ಎಂಬ ಅರ್ಥದಲ್ಲಿ ಬರೆದರೆಂದು ದಾಖಲಾಗಿದೆ. ಅರಸರು ತಮ್ಮ ಅಧಿಕಾರದ ಅಷ್ಟೂ ವರ್ಷ ಮಾಡಿದ್ದು ಇದರ ವಿರುದ್ಧದ ಕೆಲಸವನ್ನು. ಅದರ ಬೆಲೆಯನ್ನು ಅವರೇ ತೆತ್ತರು.

ಗುಂಡೂರಾವ್ ಕಾಲ ಬೇಗ ಕಹಿಯಾಯಿತು. 1980ರ ಜುಲೈಯಲ್ಲಿ ನರಗುಂದ–ನವಲಗುಂದದಲ್ಲಿ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. 1983ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಆಮೇಲೆ ನಡೆದದ್ದು ಇನ್ನೂ ಗಮನಾರ್ಹ. ಇಂದಿರಾ ಅವರ ಹತ್ಯೆಯ ನಂತರ 1984ರ ಡಿಸೆಂಬರ್‌ನಲ್ಲಿ ಇದೇ ಮತದಾರರು ರಾಜೀವ್ ಗಾಂಧಿಯವರ ಕಾಂಗ್ರೆಸ್ಸಿಗೆ 28ರಲ್ಲಿ 24 ಕೊಟ್ಟರು. ಹೆಗಡೆ ನೈತಿಕ ಹೊಣೆ ಹೊತ್ತು ವಿಧಾನಸಭೆ ವಿಸರ್ಜಿಸಿದರು. ಮೂರು ತಿಂಗಳೊಳಗೆ ಅದೇ ಜನ ಅದೇ ಹೆಗಡೆಯವರಿಗೆ 139 ಸ್ಥಾನ ಕೊಟ್ಟು ಮರಳಿ ಕೂರಿಸಿದರು. ದಾದಿ ಮಾತ್ರ ಎರಡು ಸಲವೂ ಕೈಗೇ ಹಾಕಿದರು. ನನ್ನ ಅಬ್ಬಾ ಎರಡನೆಯ ಸಲ ಹೆಗಡೆಯವರ ಪಕ್ಷಕ್ಕೆ ಹಾಕಿ ಮನೆಯಲ್ಲಿ ಹೇಳದೆ ಮುಚ್ಚಿಟ್ಟಿದ್ದರಂತೆ.

ಈಗ ನಮ್ಮ ಹುಡುಗರ ಮೊಬೈಲುಗಳಲ್ಲಿ ಹೊಸ ಹೊಸ ನಾಯಕರ ಭಾಷಣಗಳು ಓಡುತ್ತವೆ. ಕೆಲವರು ಅರ್ಧ ರಾತ್ರಿಯವರೆಗೆ ಅವರ ಪರವಾಗಿ ಜಗಳ ಮಾಡುತ್ತಾರೆ. 1995ರಲ್ಲಿ 2ಬಿ ವರ್ಗದಡಿ ಬಂದ ಶೇಕಡಾ 4ರ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ರದ್ದುಮಾಡುವ ತೀರ್ಮಾನವಾಗಿ, ವಿಷಯ ಸುಪ್ರೀಂ ಕೋರ್ಟಿನ ಮುಂದೆ ಹೋದಾಗ ಅವರಲ್ಲಿ ಹಲವರಿಗೆ ಅದು ಎಲ್ಲಿಂದ ಶುರುವಾಯಿತೆಂದೇ ತಿಳಿದಿರಲಿಲ್ಲ. ಹಾವನೂರು ಎಂದರೆ ಊರಿನ ಹೆಸರೇ ಎಂದು ಒಬ್ಬ ಕೇಳಿದ. ಅವರನ್ನು ಬೈದು ಪ್ರಯೋಜನವಿಲ್ಲ. ಅವರೂ ನಿರಾಸೆಯಿಂದಲೇ ಬಂದವರು. ಪದವಿ ಮುಗಿಸಿ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಮೂಟೆ ಎಣಿಸುವವನಿಗೆ ನಾಳೆ ಚೆನ್ನಾಗಿರುತ್ತದೆ ಎಂದು ಹೇಳುವ ದನಿ ಬೇಕು, ಅದನ್ನು ಕೊಡದವರು ಅವನಿಗೆ ಬುದ್ಧಿವಾದ ಹೇಳಲು ಹೋಗಬಾರದು. ನಾನು ಅವರಿಗೆ ಹೇಳುವುದು ಇಷ್ಟೆ: ನಿಮ್ಮ ನಾಯಕರು ಏನು ಹೇಳಿದರು ಎಂಬುದರ ಜೊತೆಗೆ, ಯಾವ ಆದೇಶ, ಯಾವ ತಾರೀಖು, ಅದು ಈಗ ಯಾವ ಕಚೇರಿಯಲ್ಲಿದೆ ಎಂದೂ ಬರೆದಿಟ್ಟುಕೊಳ್ಳಿ.

ಪ್ರತಿ ವರ್ಷ ಆಗಸ್ಟ್ 20ರಂದು ಸರಕಾರ ಅರಸು ಜಯಂತಿ ಆಚರಿಸುತ್ತದೆ. ಕಳೆದ ಬಾರಿ ಆ ದಿನ ತರಗತಿಯಲ್ಲಿ ನಮೂನೆ 7ರ ಕಥೆ ಹೇಳಿದೆ, ಬೆಂಚಿಗೊಬ್ಬರಂತೆ ಮಕ್ಕಳನ್ನು ಎಬ್ಬಿಸಿ ಗೇಣಿದಾರ, ಧಣಿ, ಅಸಿಸ್ಟೆಂಟ್ ಕಮಿಷನರ್ ಮಾಡಿ ಆಡಿಸಿದೆ. ಗೇಣಿದಾರನಾದ ಹುಡುಗ ಧಣಿಯಾದವನ ಮುಖ ನೋಡಿ ನಕ್ಕುಬಿಟ್ಟ. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸರ್, ಇಷ್ಟೆಲ್ಲಾ ಮಾಡಿದ್ರಲ್ಲ, ಆಮ್ಯಾಲ ನಮ್ಮೂರಾಗ ಅವ್ರಿಗೆ ಎಷ್ಟು ಮಂದಿ ಓಟು ಹಾಕಿದ್ರು?” ನಮ್ಮ ಮನೆಯಿಂದ ಒಂದೂ ಬಿದ್ದಿರಲಿಲ್ಲ ಎಂದು ಹೇಳಿದೆ.